ಹುಣಸೆ ಬೀಜದ ಅಂಟು, ಎರೆಮಣ್ಣಿನ ಹಾಳೆ

ಊರಿಂದ ಊರಿಗೆ ವರ್ಗವಾಗುವ ನಮ್ಮಂಥ ಕೇಂದ್ರ ಸರಕಾರದ ಗುಮಾಸ್ತರ ಸಂಸಾರದಲ್ಲಿ ಒಡೆಯದೆ ಉಳಿಯುವ ಸಾಮಾನು ಕಡಿಮೆ. ೨೦೧೬ರ ಬೇಸಗೆಯಲ್ಲಿ ನಮಗೆ ವಿಜಯವಾಡಕ್ಕೆ ವರ್ಗವಾಯಿತು. ಲಾರಿಯಿಂದ ಇಳಿಸಿದ ಪೆಟ್ಟಿಗೆ ತೆರೆದು ನೋಡಿದರೆ ಕಪ್ಪು-ಬಸಿಗಳೆಲ್ಲ ನೆಟ್ಟಗಿದ್ದವು, ಗೌರಿ ಬೊಂಬೆಯ ಬಲಗೈ ಮಾತ್ರ ಮೊಣಕೈಯಲ್ಲಿ ಕಳಚಿ ಹುಲ್ಲಿನ ನಡುವೆ ಬಿದ್ದಿತ್ತು. ಆ ಬೊಂಬೆ ನಮ್ಮ ಮನೆಯಾಕೆಯ ತವರಿನದು. ಕೊಪ್ಪಳದ ಹತ್ತಿರದ ಕಿನ್ನಾಳದಲ್ಲಿ ಮಾಡಿದ್ದು, ಅವಳ ಅಜ್ಜಿಯ ಕಾಲದ್ದು. ಸುದ್ದಿ ತಿಳಿದ ಅತ್ತೆಯವರು ಫೋನಿನಲ್ಲಿ, "ಕೈ ಮುರದ ಗೌರೀನ್ನ ಪೂಜಿಗೆ ಇಡಬಾರದ್ರಿ. ಹೆಂಗೂ ಕೃಷ್ಣಾ ಹೊಳಿ ಹತ್ರ ಐತಲ್ಲ, ಬಿಟ್ಟುಬಿಡ್ರಿ" ಎಂದರು. ಆಗ ಹತ್ತು ವರ್ಷದವಳಾಗಿದ್ದ ನಮ್ಮ ಮಗಳು ಬೊಂಬೆಯನ್ನು ತಬ್ಬಿಕೊಂಡು ಕೂತಳು. ಊರು ಬಿಟ್ಟ ದುಃಖವನ್ನೆಲ್ಲ ಅವಳು ಆ ಮುರಿದ ಕೈಯ ಮೇಲೆ ಹಾಕಿದ್ದಳು ಎಂಬುದು ನಮಗೆ ತಿಳಿಯಿತು.

ಪಕ್ಕದ ಮನೆಯ ತೆಲುಗು ಹಿರಿಯರು ಒಂದು ದಾರಿ ತೋರಿಸಿದರು: "ಹೊಳೆಗೆ ಯಾಕೆ ಬಿಡುತ್ತೀರಿ? ಕೊಂಡಪಲ್ಲಿಗೆ ಒಯ್ಯಿರಿ." ಒಯ್ದೆವು. ಆ ಪ್ರಯಾಣದಿಂದ ನಮ್ಮ ತಲೆಯೊಳಗೆ ಹೊಕ್ಕ ಒಂದು ಪ್ರಶ್ನೆ ಬಿ.ಎಸ್‌ಸಿ.ಯಲ್ಲಿ ಓದಿ ಮರೆತಿದ್ದ ರಸಾಯನಶಾಸ್ತ್ರವನ್ನು ಮತ್ತೆ ಕೆದಕುವಂತೆ ಮಾಡಿತು. ಈ ಲೇಖನ ಅದರ ಫಲ.

ಮೊದಲು ಸ್ಥಳದ ವಿಚಾರ. ವಿಜಯವಾಡದಲ್ಲಿ ಕೃಷ್ಣೆಯ ದಡಕ್ಕೆ ಒತ್ತಿ ನಿಂತಿರುವ ಬೆಟ್ಟವೇ ಇಂದ್ರಕೀಲಾದ್ರಿ. ಅದರ ಮೇಲೆ ಕನಕದುರ್ಗೆಯ ಗುಡಿ, ಬುಡದಲ್ಲಿ ೧೯೫೭ರಲ್ಲಿ ಮುಗಿದ ಪ್ರಕಾಶಂ ಅಣೆಕಟ್ಟು. ಅರ್ಜುನ ತಪಸ್ಸು ಮಾಡಿ ಬೇಡನ ವೇಷದ ಶಿವನೊಡನೆ ಕಾದಿ ಪಾಶುಪತಾಸ್ತ್ರ ಪಡೆದದ್ದು ಇಲ್ಲೇ ಎಂದು ಊರಿನವರ ನಂಬಿಕೆ. ಅದೇ ಕಥೆಯನ್ನು ಹತ್ತನೆಯ ಶತಮಾನದಲ್ಲಿ ಕನ್ನಡಕ್ಕೆ ತಂದ ಪಂಪನ ಪೂರ್ವಿಕರು ಇದೇ ಸೀಮೆಯ ವೆಂಗಿಮಂಡಲದವರು. ಹಾಗಾಗಿ ಬೆಟ್ಟದ ಮೆಟ್ಟಿಲು ಹತ್ತುವ ಕನ್ನಡಿಗ ತೀರ ಪರಸ್ಥಳಕ್ಕೆ ಬಂದವನೇನಲ್ಲ. ಬೆಜವಾಡವೆಂಬ ಹಳೆಯ ಹೆಸರಿಗೂ ಒಂದು ಕಥೆಯುಂಟು. ಕೃಷ್ಣೆಯ ದಾರಿಗೆ ಬೆಟ್ಟ ಅಡ್ಡ ನಿಂತಿತ್ತಂತೆ. ಕೊನೆಗೆ ಅದು ತನ್ನ ಮೈಯಲ್ಲೊಂದು ಬೆಜ್ಜ, ಎಂದರೆ ತೂತು, ಕೊಟ್ಟು ನದಿಯನ್ನು ಒಳಕ್ಕೆ ಬಿಟ್ಟುಕೊಂಡಿತಂತೆ. ಗಟ್ಟಿಯಾದದ್ದು ಬಾಯಿ ತೆರೆದು ಹರಿಯುವುದಕ್ಕೆ ದಾರಿ ಕೊಡುವ ಈ ಕಥೆಯನ್ನು ವಾಚಕರು ನೆನಪಿನಲ್ಲಿಡಬೇಕು. ಮುಂದೆ ಬೇಕಾಗುತ್ತದೆ.

ಇನ್ನು ಕೊಂಡಪಲ್ಲಿ. ವಿಜಯವಾಡದಿಂದ ವಾಯವ್ಯಕ್ಕೆ ಒಂದು ಗಂಟೆಯೊಳಗಿನ ದಾರಿ. ಅಲ್ಲಿಯ ಕೋಟೆಯನ್ನು ಕೃಷ್ಣದೇವರಾಯ ತನ್ನ ಕಳಿಂಗದ ದಂಡಯಾತ್ರೆಯಲ್ಲಿ, ೧೫೧೫-೧೬ರ ಸುಮಾರಿನಲ್ಲಿ, ಗಜಪತಿಗಳಿಂದ ಗೆದ್ದ. ಕೋಟೆಯ ಬುಡದ ಬೀದಿಯಲ್ಲಿ ಬೊಂಬೆ ಮಾಡುವವರ ಮನೆಗಳು. ಬೆಟ್ಟದಲ್ಲಿ ಸಿಗುವ ತೆಲ್ಲ ಪೊಣಿಕಿ ಎಂಬ ಹಗುರ ಮರವನ್ನು ಒಣಗಿಸಿ, ತಲೆ, ತೋಳು, ಮುಂಡಗಳನ್ನು ಬೇರೆ ಬೇರೆಯಾಗಿ ಕೆತ್ತಿ ಜೋಡಿಸುತ್ತಾರೆ. ಜೋಡಿಸುವ ಪದಾರ್ಥಕ್ಕೆ ಅಲ್ಲಿ 'ಮಕ್ಕು' ಎನ್ನುತ್ತಾರೆ. ಹುಣಸೆ ಬೀಜದ ಹಿಟ್ಟನ್ನು ಬೇಯಿಸಿ ಅಂಟು ಮಾಡಿ, ಅದಕ್ಕೆ ಮರದ ಹೊಟ್ಟು ಕಲಸಿದರೆ ಮಕ್ಕು. ಅದರ ಮೇಲೆ ಸುಣ್ಣದ ಲೇಪ, ಆಮೇಲೆ ಬಣ್ಣ.

ನಮ್ಮ ಗೌರಿಯ ಕೈಯನ್ನು ನೋಡಿದ ಮುದುಕ ಮುರಿದ ತುದಿಗೆ ನೀರು ಹಚ್ಚಿ ಉಗುರಿನಿಂದ ಕೆರೆದ, ಮೂಸಿದ. "ಚಿಂತಗಿಂಜಲೇ" ಎಂದ. ಹುಣಸೆ ಬೀಜವೇ! ಬೊಂಬೆ ಯಾವ ಊರಿನದೆಂದು ಆಮೇಲೆ ಕೇಳಿದ. ತನ್ನ ಬಟ್ಟಲಿನ ಮಕ್ಕನ್ನು ಮೆತ್ತಿ ಕೈ ಕೂರಿಸಿ, ನೂಲು ಸುತ್ತಿ, ಎರಡು ದಿನ ನೆರಳಲ್ಲಿಡಿ ಎಂದು ಹೇಳಿ ೩೦ ರೂಪಾಯಿ ತೆಗೆದುಕೊಂಡ.

ಆತ ಸುಮ್ಮನೆ ಹೇಳಿರಲಿಲ್ಲ. ಕಿನ್ನಾಳದ ಚಿತ್ರಗಾರರ ಪದ್ಧತಿ ಹೀಗಿದೆ: ಸೆಣಬಿನ ಚಿಂದಿಯನ್ನು ನೆನೆಸಿ, ಸಣ್ಣಗೆ ಕತ್ತರಿಸಿ, ಒಣಗಿಸಿ, ಪುಡಿಮಾಡಿ ಹುಣಸೆ ಬೀಜದ ಅಂಟಿನಲ್ಲಿ ಕಲಸುತ್ತಾರೆ. ಅದಕ್ಕೆ 'ಕಿಟ್ಟ' ಎಂದು ಹೆಸರು. ಅದನ್ನು ಬೊಂಬೆಯ ಮೈಗೆಲ್ಲ ಬಳಿದು, ಅರಿವೆಯ ತುಣುಕು ಅಂಟಿಸಿ, ಅದರ ಮೇಲೆ ಬೆಣಚುಕಲ್ಲಿನ ನುಣ್ಣನೆಯ ಪುಡಿಯನ್ನು ಅಂಟಿನಲ್ಲಿ ಕಲಸಿ ಲೇಪಿಸುತ್ತಾರೆ. ಒಡವೆ, ಸೆರಗಿನ ಅಂಚು ಮೊದಲಾದ ಉಬ್ಬು ಕೆಲಸವೂ ಕಲ್ಲಿನ ಪುಡಿ-ಅಂಟಿನದೇ. ಕಿನ್ನಾಳದವರು ತಮ್ಮ ಪರಂಪರೆಯನ್ನು ವಿಜಯನಗರಕ್ಕೆ ಒಯ್ದು ಮುಟ್ಟಿಸುತ್ತಾರೆ. ಕೊಂಡಪಲ್ಲಿಯವರು ತಮ್ಮ ಹಿರಿಯರು ರಾಜಸ್ಥಾನದಿಂದ ಬಂದವರೆನ್ನುತ್ತಾರೆ. ಜನ ಬೇರೆ, ಭಾಷೆ ಬೇರೆ, ಅಂಟು ಮಾತ್ರ ಒಂದೇ.

೨೦೧೯ರಲ್ಲಿ ನಮ್ಮನ್ನು ವಿಶಾಖಪಟ್ಟಣಕ್ಕೆ ಹಾಕಿದರು. ಅಲ್ಲಿಯೂ ಇಂಥದೇ ಒಂದು ಜೋಡಿ ಕಣ್ಣಿಗೆ ಬಿತ್ತು. ವರಾಹ ನದಿಯ ದಡದ ಏಟಿಕೊಪ್ಪಾಕ ಆಗ ವಿಶಾಖಪಟ್ಟಣ ಜಿಲ್ಲೆಯಲ್ಲಿತ್ತು, ೨೦೨೨ರಿಂದ ಅನಕಾಪಲ್ಲಿ ಜಿಲ್ಲೆಗೆ ಸೇರಿದೆ. ಅಲ್ಲಿಯ ಬೊಂಬೆಗಳಿಗೆ ಅಂಕುಡು ಮರ. ಅದೇ ಮರವನ್ನು ನಮ್ಮ ಚನ್ನಪಟ್ಟಣದಲ್ಲಿ ಹಾಲೆ ಮರವೆನ್ನುತ್ತಾರೆ. ಎರಡು ಊರುಗಳಲ್ಲಿಯೂ ಮರವನ್ನು ಚರಕಿಗೆ ಕೊಟ್ಟು ತಿರುಗಿಸುತ್ತ ಬಣ್ಣದ ಅರಗಿನ ಕಡ್ಡಿಯನ್ನು ಒತ್ತಿ ಹಿಡಿಯುತ್ತಾರೆ. ಉಜ್ಜಿದ ಬಿಸಿಗೆ ಅರಗು ಕರಗಿ ಮರಕ್ಕೆ ಹತ್ತುತ್ತದೆ. ಕೊಂಡಪಲ್ಲಿ-ಕಿನ್ನಾಳಗಳದು ನೀರಿನಲ್ಲಿ ಕರಗಿಸಿ ಬೆರೆಸುವ ವಿದ್ಯೆ. ಏಟಿಕೊಪ್ಪಾಕ-ಚನ್ನಪಟ್ಟಣಗಳದು ಕಾಯಿಸಿ ಕರಗಿಸುವ ವಿದ್ಯೆ. ಇದನ್ನೂ ನೆನಪಿನಲ್ಲಿಡೋಣ.

ನಮ್ಮ ಪ್ರಶ್ನೆ ಇಷ್ಟೇ: ಬರಿಯ ಅಂಟು ಒಣಗಿದರೆ ಬಿರಿಯುತ್ತದೆ. ಬರಿಯ ಹೊಟ್ಟು, ಬರಿಯ ಕಲ್ಲಿನ ಪುಡಿ ಊದಿದರೆ ಹಾರುತ್ತದೆ. ಎರಡೂ ಸೇರಿದಾಗ ನೂರು ವರ್ಷ ಬಾಳುವ ಗೌರಿಯ ಕೈ ಹೇಗಾಗುತ್ತದೆ? ನಮ್ಮ ಅಜ್ಜಂದಿರಿಗೆ ಇದು ಹೊಸದಲ್ಲ. ಗೋಡೆಯ ಮಣ್ಣಿಗೆ ಹುಲ್ಲು ತುಳಿಸುತ್ತಿದ್ದರು, ಗಾರೆಗೆ ಬೆಲ್ಲದ ನೀರು ಹಾಕುತ್ತಿದ್ದರು, ಕಂಬಳಿ ನೇಯುವವರು ಹುಣಸೆ ಬೀಜದ ಗಂಜಿ ಹಚ್ಚುತ್ತಿದ್ದರು. ಆದರೆ ಏಕೆ ಎಂಬುದಕ್ಕೆ ಉತ್ತರ ಸಿಗಲು ಇಪ್ಪತ್ತನೆಯ ಶತಮಾನ ಬರಬೇಕಾಯಿತು.

ಉತ್ತರದ ಅರ್ಧ ಭಾಗ ಅಂಟಿನಲ್ಲಿದೆ. ರಬ್ಬರು, ಗೋಂದು, ಪಿಷ್ಟ ಇವೆಲ್ಲ ಸಣ್ಣ ಅಣುಗಳ ಗುಂಪು ಎಂದೇ ಬಹುಮಂದಿ ರಸಾಯನಶಾಸ್ತ್ರಜ್ಞರು ತಿಳಿದಿದ್ದರು. ಜರ್ಮನಿಯ ಹರ್ಮನ್ ಸ್ಟೌಡಿಂಗರ್ ೧೯೨೦ರಲ್ಲಿ, ಅಲ್ಲ, ಇವು ಸಾವಿರಾರು ಕೊಂಡಿಗಳಿರುವ ಉದ್ದನೆಯ ಸರಪಳಿ ಎಂದು ವಾದಿಸಿದ. ಸಹೋದ್ಯೋಗಿಗಳು ನಕ್ಕರು. ೧೯೫೩ರಲ್ಲಿ ಅವನಿಗೆ ನೊಬೆಲ್ ಬಹುಮಾನ ಬಂತು. ಇಂಥ ಸರಪಳಿಯೇ ಪಾಲಿಮರ್. ಹುಣಸೆ ಬೀಜದಲ್ಲಿರುವುದೂ ಅದೇ. ಅದು ಸಕ್ಕರೆಯ ಕೊಂಡಿಗಳಿಂದಾದ ಕ್ಸೈಲೋಗ್ಲೂಕಾನ್ ಎಂಬ ಸರಪಳಿ. ನೈಲಾನ್, ಪಾಲಿಥೀನ್‌ಗಳು ಮನುಷ್ಯ ಹೆಣೆದ ಸರಪಳಿಗಳು.

ಇನ್ನರ್ಧ ಮಣ್ಣಿನಲ್ಲಿದೆ. ಅಮೆರಿಕದ ಲೈನಸ್ ಪೌಲಿಂಗ್ ೧೯೩೦ರಲ್ಲಿ ಅಭ್ರಕದಂಥ ಖನಿಜಗಳು ಪದರ ಪದರವಾಗಿವೆ ಎಂದು ತೋರಿಸಿದ. ೧೯೩೩ರಲ್ಲಿ ಜರ್ಮನಿಯ ಹಾಫ್‌ಮನ್ ಮತ್ತು ಜೊತೆಗಾರರು ಮಾಂಟ್‌ಮೊರಿಲ್ಲೊನೈಟ್ ಎಂಬ ಜೇಡಿಯ ರಚನೆಯನ್ನು ಬಿಡಿಸಿದರು. ಫ್ರಾನ್ಸಿನ ಮಾಂಟ್‌ಮೊರಿಯೋಂ ಎಂಬ ಊರಿನಿಂದ ಬಂದ ಈ ಹೆಸರು ಕೇಳಿ ಬೆದರಬೇಕಾಗಿಲ್ಲ. ನಮ್ಮ ಎರೆ ಹೊಲದ ಜೀವಾಳವೇ ಆ ಜೇಡಿ. ಬೇಸಗೆಯಲ್ಲಿ ಕಾಲು ಸಿಕ್ಕಿಕೊಳ್ಳುವಷ್ಟು ಬಿರಿದು, ಮಳೆ ಬಿದ್ದೊಡನೆ ಉಬ್ಬಿ ಚಕ್ಕಡಿಯ ಗಾಲಿಯನ್ನು ಹಿಡಿದುಕೊಳ್ಳುವ ಎರೆಮಣ್ಣನ್ನು ಧಾರವಾಡ, ವಿಜಯಪುರ, ರಾಯಚೂರಿನವರಿಗೆ ಹೇಳಿಕೊಡಬೇಕೆ? ದಖ್ಖಣದ ಕರಿಗಲ್ಲು ಸವೆದು ಹುಟ್ಟಿದ ಈ ಮಣ್ಣನ್ನೇ ಕೃಷ್ಣೆ ಯುಗಯುಗಗಳಿಂದ ಹೊತ್ತು ತಂದು ವಿಜಯವಾಡದ ಕೆಳಗಿನ ಬಯಲಿಗೆ ಹಾಸಿದ್ದಾಳೆ. ಕಿನ್ನಾಳದ ಕಡೆಯ ಹಳ್ಳದ ನೀರೂ ತುಂಗಭದ್ರೆಯನ್ನು ಕೂಡಿ, ಕೃಷ್ಣೆಯಾಗಿ, ಇಂದ್ರಕೀಲಾದ್ರಿಯ ಕಾಲು ತೊಳೆದೇ ಸಮುದ್ರಕ್ಕೆ ಹೋಗುತ್ತದೆ. ನಮಗಿಂತ ಮೊದಲೇ ನಮ್ಮ ಮಣ್ಣು ಇಲ್ಲಿಗೆ ವಲಸೆ ಬಂದಿತ್ತು!

ಈ ಜೇಡಿಯ ಒಂದೊಂದು ಕಣವೂ ನಮ್ಮ ಕಚೇರಿಯ ಹಳೆಯ ಕಡತದ ಹಾಗೆ. ನೂರಾರು ಹಾಳೆ ಒಂದರ ಮೇಲೊಂದು ಕೂತಿವೆ. ಒಂದು ಹಾಳೆಯ ದಪ್ಪ ಸುಮಾರು ಒಂದು ನ್ಯಾನೋಮೀಟರ್, ಎಂದರೆ ಮಿಲಿಮೀಟರಿನ ೧೦ ಲಕ್ಷದಲ್ಲೊಂದು ಪಾಲು. ಅಗಲ ಅದರ ನೂರು ಪಟ್ಟೋ ಹೆಚ್ಚೋ. ಒಂದು ಗ್ರಾಂ ಜೇಡಿಯ ಹಾಳೆಗಳನ್ನೆಲ್ಲ ಬಿಡಿಸಿ ಹರಡಿದರೆ ೭೦೦ ಚದರ ಮೀಟರಿಗೂ ಹೆಚ್ಚು, ನಾಲ್ಕು ವಾಲಿಬಾಲ್ ಅಂಕಣಗಳಷ್ಟು, ಆದೀತು. ಹಾಳೆಗಳ ನಡುವೆ ಸೋಡಿಯಂ ಮೊದಲಾದ ಅಯಾನುಗಳಿವೆ. ನೀರು ಆ ಸಂದಿಗೆ ನುಗ್ಗುವುದರಿಂದಲೇ ಎರೆಮಣ್ಣು ಉಬ್ಬುವುದು.

ಒಂದು ಕಡೆ ಉದ್ದನೆಯ ಸರಪಳಿ, ಇನ್ನೊಂದು ಕಡೆ ತೆಳ್ಳನೆಯ ಹಾಳೆ. ಸರಪಳಿಯನ್ನು ಹಾಳೆಗಳ ನಡುವೆ ತೂರಿಸಿ ಹಾಳೆಗಳನ್ನು ಬಿಡಿಬಿಡಿಯಾಗಿ ಹರಡಿದರೆ ಸಿಗುವ ವಸ್ತುವೇ ಪಾಲಿಮರ್-ಜೇಡಿ ನ್ಯಾನೋಕಾಂಪೋಸಿಟ್. ಹೇಳಲು ಸುಲಭ. ಅಡ್ಡಿ ಏನೆಂದರೆ ಜೇಡಿಗೆ ನೀರು ಇಷ್ಟ. ಪ್ಲಾಸ್ಟಿಕ್ಕಿಗೆ ಎಣ್ಣೆಯ ಗುಣ. ಎಣ್ಣೆ-ಸೀಗೇಕಾಯಿಯ ಸಂಬಂಧವೆಂದರೂ ಸರಿಯೆ. ಸುಮ್ಮನೆ ಕಲಸಿದರೆ ಜೇಡಿ ಗಂಟುಗಂಟಾಗಿ ಉಳಿಯುತ್ತದೆ. ಹಿಂದೆ ಪ್ಲಾಸ್ಟಿಕ್ಕಿಗೆ ನೂರಕ್ಕೆ ೨೦-೩೦ರಷ್ಟು ಖನಿಜದ ಪುಡಿ ಬೆರೆಸುತ್ತಿದ್ದುದು ಬಹುಮಟ್ಟಿಗೆ ಖರ್ಚು ಇಳಿಸುವುದಕ್ಕೆ ಮತ್ತು ಬಿಗುವು ತರುವುದಕ್ಕೆ. ವಸ್ತು ಭಾರವಾಗುತ್ತಿತ್ತು, ಪೆಡಸಾಗುತ್ತಿತ್ತು.

ಉಪಾಯ ಹೊಳೆದದ್ದು ಸೋಪಿನಂಥ ಅಣುವಿನಿಂದ. ಅದರ ತಲೆ ಜೇಡಿಗೆ ಅಂಟುತ್ತದೆ, ಬಾಲ ಎಣ್ಣೆಗೆ ಒಗ್ಗುತ್ತದೆ. ಜೇಡಿಯ ಸಂದಿಯಲ್ಲಿರುವ ಸೋಡಿಯಂ ಅನ್ನು ಹೊರಗೆ ಕಳಿಸಿ ಅದರ ಜಾಗದಲ್ಲಿ ಈ ಅಣುವನ್ನು ಕೂರಿಸಿದರೆ ಸಂದಿ ಅಗಲವಾಗುತ್ತದೆ, ಪ್ಲಾಸ್ಟಿಕ್ಕಿಗೂ ಸಂಕೋಚ ಬಿಡುತ್ತದೆ. ಹೀಗೆ ಪಳಗಿಸಿದ ಜೇಡಿಯನ್ನು ರಬ್ಬರಿನಂಥ ವಸ್ತುಗಳಲ್ಲಿ ಬೆರೆಸುವ ಪೇಟೆಂಟನ್ನು ಅಮೆರಿಕದ ನ್ಯಾಷನಲ್ ಲೆಡ್ ಕಂಪನಿಯವರು ೧೯೫೦ರಲ್ಲಿ ಪಡೆದರು. ೧೯೭೬ರಲ್ಲಿ ಜಪಾನಿನ ಯೂನಿಟಿಕಾ ಕಂಪನಿಯವರು ನೈಲಾನ್ ಜೊತೆಗೆ ಜೇಡಿಯ ಮಾತೆತ್ತಿದರು. ಆದರೂ ಜಗತ್ತು ತಿರುಗಿ ನೋಡಿದ್ದು ೧೯೮೦ರ ದಶಕದಲ್ಲಿ, ಜಪಾನಿನ ಟೊಯೋಟಾ ಕಂಪನಿಯ ಕೇಂದ್ರ ಸಂಶೋಧನಾಲಯದ ಫುಕುಶಿಮಾ, ಒಕಾಡಾ, ಉಸುಕಿ, ಕವಸುಮಿ, ಕೊಜಿಮಾ ಮೊದಲಾದವರ ಕೆಲಸದಿಂದ.

ಅವರು ಮಾಡಿದ್ದು ಇಷ್ಟು. ಹನ್ನೆರಡು ಇಂಗಾಲದ ಉದ್ದದ ಒಂದು ಅಮೈನೋ ಆಮ್ಲವನ್ನು ಜೇಡಿಯ ಸಂದಿಗೆ ಕೂರಿಸಿದರು. ನೈಲಾನಿನ ಕಚ್ಚಾವಸ್ತುವಾದ ಕ್ಯಾಪ್ರೊಲ್ಯಾಕ್ಟಮ್ಮನ್ನು ಕರಗಿಸಿ ಆ ಜೇಡಿಗೆ ಕುಡಿಸಿದರು. ಆಮೇಲೆ ಕಾಯಿಸಿ, ಸರಪಳಿಯು ಸಂದಿಯೊಳಗೇ ಹುಟ್ಟಿ ಬೆಳೆಯುವಂತೆ ಮಾಡಿದರು. ಬೆಳೆಯುವ ಸರಪಳಿ ಹಾಳೆಗಳನ್ನು ದೂರ ದೂರ ತಳ್ಳಿತು. ಬೆಟ್ಟ ಬೆಜ್ಜ ಕೊಟ್ಟು ನದಿಯನ್ನು ಬಿಟ್ಟುಕೊಂಡ ಹಾಗೆ! ಕಡತದ ಹಾಳೆಗಳು ತುಸು ಸಡಿಲಗೊಂಡು ನಡುವೆ ಸರಪಳಿ ಸೇರಿದ್ದರೆ ಅದು ಒಂದು ಸ್ಥಿತಿ. ದಾರವೇ ಕಿತ್ತು ಹಾಳೆಗಳೆಲ್ಲ ಬಿಡಿಯಾಗಿ ಹರಡಿಕೊಂಡರೆ ಅದು ಎರಡನೆಯ ಸ್ಥಿತಿ. ಪೂರ್ಣ ಫಲ ಎರಡನೆಯದರಿಂದ.

ಫಲ ಎಷ್ಟು? ೧೯೯೩ರಲ್ಲಿ ಅವರು ಪ್ರಕಟಿಸಿದ ಲೆಕ್ಕ ಇದು. ನೂರು ಪಾಲಿನಲ್ಲಿ ಜೇಡಿ ನಾಲ್ಕು ಪಾಲಿಗಿಂತ ತುಸು ಹೆಚ್ಚು, ಅಷ್ಟೇ. ಎಳೆದಾಗ ತುಂಡಾಗದೆ ತಡೆಯುವ ಶಕ್ತಿ ೬೯ ಮೆಗಾಪಾಸ್ಕಲ್‌ನಿಂದ ೧೦೭ಕ್ಕೆ ಏರಿತು. ಬಿಗುವು, ಎಂದರೆ ಬಾಗದೆ ನಿಲ್ಲುವ ಗುಣ, ೧.೧ ಗಿಗಾಪಾಸ್ಕಲ್‌ನಿಂದ ೨.೧ಕ್ಕೆ, ಹತ್ತಿರ ಹತ್ತಿರ ಇಮ್ಮಡಿ. ಬರಿಯ ನೈಲಾನ್ ಹೊರೆಯ ಕೆಳಗೆ ೬೫ ಡಿಗ್ರಿ ಬಿಸಿಗೇ ಸೊಟ್ಟಗಾಗುತ್ತಿದ್ದರೆ ಇದು ೧೪೦ ಡಿಗ್ರಿ ದಾಟಿಯೂ ತಡೆಯಿತು. ಆ ಹೊತ್ತಿಗಾಗಲೇ ಕಾರಿನ ಎಂಜಿನ್ನಿನ ಟೈಮಿಂಗ್ ಬೆಲ್ಟಿನ ಮುಚ್ಚಳ ಈ ವಸ್ತುವಿನಿಂದ ಬಂದಿತ್ತು. ಗಾಳಿ, ನೀರಾವಿ ಇದರ ಮೂಲಕ ಹಾಯುವುದೂ ಕಡಿಮೆ. ಅಡ್ಡಡ್ಡ ಹಾಸಿದ ಹಾಳೆಗಳನ್ನು ಸುತ್ತಿ ಬಳಸಿ ಹೋಗಬೇಕಲ್ಲ! ಮೇಜಿನಿಂದ ಮೇಜಿಗೆ ಅಲೆಯುವ ಅರ್ಜಿ ಎಷ್ಟು ನಿಧಾನವೆಂಬುದು ನಮಗೆ ಚೆನ್ನಾಗಿ ಗೊತ್ತು.

ಇದೇ ೧೯೯೩ರಲ್ಲಿ ಅಮೆರಿಕದ ಕಾರ್ನೆಲ್ ವಿಶ್ವವಿದ್ಯಾನಿಲಯದ ಜಿಯನೆಲಿಸ್ ಮತ್ತು ಸಂಗಡಿಗರು, ಪ್ಲಾಸ್ಟಿಕ್ಕನ್ನು ಕಾಯಿಸಿ ಮೆತ್ತಗೆ ಮಾಡಿದರೆ ಅದು ಪಳಗಿಸಿದ ಜೇಡಿಯ ಸಂದಿಗೆ ತಾನೇ ಹರಿದುಹೋಗುತ್ತದೆಂದು ತೋರಿಸಿದರು. ಹಾಗಾಗಿ ತಯಾರಿಕೆಗೆ ಮುಖ್ಯವಾಗಿ ಮೂರು ದಾರಿ: ಸಂದಿಯೊಳಗೇ ಸರಪಳಿ ಹೆಣೆಯುವುದು, ನೀರು ಅಥವಾ ಬೇರೆ ದ್ರವದಲ್ಲಿ ಕರಗಿಸಿ ಬೆರೆಸುವುದು, ಕಾಯಿಸಿ ಬೆರೆಸುವುದು. ಎರಡನೆಯದು ಕೊಂಡಪಲ್ಲಿಯ ಬಟ್ಟಲನ್ನೂ ಮೂರನೆಯದು ಏಟಿಕೊಪ್ಪಾಕದ ಚರಕಿಯನ್ನೂ ನೆನಪಿಗೆ ತರುವುದಿಲ್ಲವೇ?

ಆದರೆ ಇಲ್ಲಿ ಒಂದು ಎಚ್ಚರ ಬೇಕು. ನಮ್ಮ ಹಿರಿಯರಿಗೆ ನ್ಯಾನೋ ವಿದ್ಯೆ ಮೊದಲೇ ತಿಳಿದಿತ್ತು ಎಂದು ಎದೆ ತಟ್ಟಿಕೊಳ್ಳುವ ಚಪಲ ನಮ್ಮಲ್ಲಿದೆ. ಅದು ನಿಜವಲ್ಲ. ಕಿನ್ನಾಳದ ಕಲ್ಲಿನ ಪುಡಿ ಎಷ್ಟೇ ನುಣುಪಾದರೂ ಅದರ ಕಣ ಜೇಡಿಯ ಹಾಳೆಗಿಂತ ಸಾವಿರಾರು ಪಟ್ಟು ದಪ್ಪ. ಮರದ ಹೊಟ್ಟಿನ ಮಾತು ಬಿಡಿ. ಅವರಿಗೆ ತಿಳಿದಿದ್ದುದು ಬೇರೆ: ಅಂಟು ಎಷ್ಟು, ಪುಡಿ ಎಷ್ಟು, ಎಷ್ಟು ಹೊತ್ತು ಕಲಸಬೇಕು, ಯಾವ ನೆರಳಿನಲ್ಲಿ ಒಣಗಿಸಬೇಕು. ಅದು ಕೈಯ ಜ್ಞಾನ. ಅದನ್ನು ಅದರ ಹೆಸರಿನಿಂದಲೇ ಗೌರವಿಸಿದರೆ ಸಾಕು, ಬೇರೆ ಕಿರೀಟ ಬೇಡ.

ಹೊಸ ವಸ್ತುವಿಗೂ ಮಿತಿಗಳುಂಟು. ಬಿಗುವು ಹೆಚ್ಚಿದಷ್ಟೂ ಪೆಟ್ಟು ತಡೆಯುವ ಗುಣ ಅನೇಕ ಬಾರಿ ಕುಗ್ಗುತ್ತದೆ. ಜೇಡಿ ಹೆಚ್ಚು ಹಾಕಿದರೆ ಹಾಳೆಗಳು ಮತ್ತೆ ಗುಂಪುಗೂಡಿ ಗಂಟಾಗುತ್ತವೆ, ಬಿರುಕು ಅಲ್ಲಿಂದಲೇ ಹುಟ್ಟುತ್ತದೆ. ಪಳಗಿಸುವ ಸೋಪಿನಂಥ ಅಣು ಹೆಚ್ಚು ಕಾವಿಗೆ ಕೆಡುತ್ತದೆ. ೨೦೦೨ರಲ್ಲಿ ಜನರಲ್ ಮೋಟರ್ಸ್ ಕಂಪನಿಯವರು ವ್ಯಾನಿನ ಮೆಟ್ಟಿಲಿಗೆ ಇಂಥ ವಸ್ತು ಬಳಸಿದಾಗ ಇನ್ನು ಎಲ್ಲೆಲ್ಲೂ ಇದೇ ಎಂಬ ಮಾತಿತ್ತು. ಅಷ್ಟೇನೂ ಆಗಲಿಲ್ಲ.

ನಮ್ಮ ಮಟ್ಟಿಗೆ ಈ ಇತಿಹಾಸದ ಸೊಗಸಾದ ಪುಟ ೨೦೧೩ರದು. ಸ್ವೀಡನ್ನಿನ ಸ್ಟಾಕ್‌ಹೋಮಿನ ವಿಜ್ಞಾನಿಗಳು ಎರಡು ಪದಾರ್ಥಗಳನ್ನು ನೀರಿನಲ್ಲಿ ಬೆರೆಸಿ ಕಾಗದದಂಥ ತೆಳು ಹಾಳೆ ತಯಾರಿಸಿದ ವಿವರ ಆ ವರ್ಷ ಅಚ್ಚಾಯಿತು. ಒಂದು, ಮಾಂಟ್‌ಮೊರಿಲ್ಲೊನೈಟ್ ಜೇಡಿ. ಇನ್ನೊಂದು, ಹುಣಸೆ ಬೀಜದ ಕ್ಸೈಲೋಗ್ಲೂಕಾನ್! ಈ ಅಂಟಿಗೂ ನೀರು ಒಗ್ಗುವುದರಿಂದ ಸೋಪಿನ ಮಧ್ಯಸ್ಥಿಕೆಯೇ ಬೇಕಾಗಲಿಲ್ಲ. ಅದು ಜೇಡಿಯ ಹಾಳೆಗೆ ತಾನಾಗಿ ಹತ್ತಿತು, ಹಾಳೆಗಳು ಇಟ್ಟಿಗೆ ಜೋಡಿಸಿದಂತೆ ಸಾಲಾಗಿ ಮಲಗಿದವು. ಸಿಕ್ಕಿದ್ದು ಗಟ್ಟಿಯಾದ, ಆಮ್ಲಜನಕವನ್ನು ಸುಲಭವಾಗಿ ಬಿಡದ ಹಾಳೆ. ಪ್ಲಾಸ್ಟಿಕ್ಕಿನ ಹೊದಿಕೆಗೆ ಬದಲು ಹುಡುಕುವವರ ಕಣ್ಣು ಇಂಥವುಗಳ ಮೇಲಿದೆ. ಬಾಲ್ಯದಲ್ಲಿ ನಾವು ಚೌಕಾಬಾರಕ್ಕೆ ತೇಯ್ದ ಬೀಜ, ಕಾಲಿಗೆ ಮೆತ್ತಿಕೊಂಡು ಬೈಸಿಕೊಂಡ ಮಣ್ಣು, ಎರಡೂ ಸ್ಟಾಕ್‌ಹೋಮಿನಲ್ಲಿ ಒಂದಾಗಿದ್ದವು. ಇದನ್ನು ಓದಿದ ರಾತ್ರಿ ನಮಗೆ ನಿದ್ದೆ ಬೇಗ ಹತ್ತಲಿಲ್ಲ.

ಅದರ ಜೊತೆಗೇ ಒಂದು ಕಳವಳವೂ ಇದೆ. ಕೊಂಡಪಲ್ಲಿಯ ಬೆಟ್ಟಗಳಲ್ಲಿ ಪೊಣಿಕಿ ಮರ ಅಪರೂಪವಾಗುತ್ತಿದೆ. ಕಿನ್ನಾಳದಲ್ಲಿಯೂ ಈ ಕಸುಬು ಹಿಡಿದ ಮನೆಗಳು ಕೆಲವೇ. ಎರಡು ಊರಿನ ಬೊಂಬೆಗಳಿಗೂ ಭೌಗೋಳಿಕ ಗುರುತಿನ ಮಾನ್ಯತೆ ಸಿಕ್ಕಿದೆ, ಒಳ್ಳೆಯದೇ. ಆದರೆ ಮುರಿದ ತುದಿಯನ್ನು ಮೂಸಿ ಅಂಟಿನ ಕುಲ ಹೇಳುವ ಮೂಗು ಪ್ರಮಾಣಪತ್ರದಿಂದ ಉಳಿಯುವುದಿಲ್ಲ. ಪ್ಲಾಸ್ಟಿಕ್ ವಿದ್ಯೆ ಕಲಿಸಲು ಕೇಂದ್ರ ಸರಕಾರ ೧೯೬೮ರಲ್ಲಿ ಮದರಾಸಿನಲ್ಲಿ ಆರಂಭಿಸಿದ ಸಿಪೆಟ್ ಸಂಸ್ಥೆಯ ಕೇಂದ್ರಗಳು ಮೈಸೂರಿನಲ್ಲೂ ಇವೆ, ವಿಜಯವಾಡದಲ್ಲೂ ಇವೆ. ಅಲ್ಲಿ ಓದುವ ನಮ್ಮ ಮಕ್ಕಳು ಒಂದು ದಿನ ಕಿನ್ನಾಳಕ್ಕೋ ಕೊಂಡಪಲ್ಲಿಗೋ ಹೋಗಿ, ಆ ಬಟ್ಟಲಿನಲ್ಲಿ ಏನು ಎಷ್ಟು ಬೀಳುತ್ತದೆಂದು ಬರೆದುಕೊಂಡು ಬಂದರೆ ನಷ್ಟವೇನು?

ಗೌರಿ ಈಗ ಈ ಮಹಾನಗರದ ನಮ್ಮ ಮನೆಯಲ್ಲಿದ್ದಾಳೆ. ನವರಾತ್ರಿಯಲ್ಲಿ ಬೊಂಬೆ ಕೂರಿಸುವಾಗ ಅವಳದೇ ಮೇಲಿನ ಮೆಟ್ಟಿಲು. ಕೈ ಕೂಡಿಸಿದ ಜಾಗದಲ್ಲಿ ಕೂದಲೆಳೆಯಷ್ಟು ಗೆರೆ ಕಾಣುತ್ತದೆ. ಆ ಗೆರೆಯಿಂದೀಚೆಗೆ ಕನ್ನಡ, ಆಚೆಗೂ ಕನ್ನಡ, ನಡುವೆ ತೆಲುಗು. ಕಳೆದ ಸಾರಿ ಬಂದ ಅತ್ತೆಯವರು ಕನ್ನಡಕ ಏರಿಸಿ ಅದನ್ನು ಬಹಳ ಹೊತ್ತು ನೋಡಿ, "ಚಲೋ ಕೂಡಸ್ಯಾನ್ರಿ" ಎಂದು ತಾವೇ ಅರಿಶಿನ-ಕುಂಕುಮ ಇಟ್ಟರು.

ಮಗಳು ಈಗ ಕಾಲೇಜಿನಲ್ಲಿ ವಿಜ್ಞಾನ ಓದುತ್ತಾಳೆ. ಮೊನ್ನೆ ನೈಲಾನಿನ ಲೆಕ್ಕವನ್ನು ಅವಳಿಗೆ ವಿವರಿಸುತ್ತಿದ್ದಾಗ, "ಅಪ್ಪಾ, ಬರೀ ನಾಲ್ಕು ಪಾಲಾ?" ಎಂದಳು. ಹೌದು, ನೂರಕ್ಕೆ ನಾಲ್ಕು. ಈ ಊರಿನಲ್ಲಿ ಕನ್ನಡಿಗರು ಅದಕ್ಕಿಂತಲೂ ಕಡಿಮೆ ಇದ್ದೇವು. ಗಂಟುಕಟ್ಟಿ ಒಂದೇ ಮೂಲೆಯಲ್ಲಿ ಕೂತರೆ ಬಿರುಕು. ಹಾಳೆ ಹಾಳೆಯಾಗಿ ಹರಡಿ ಸುತ್ತಲಿನವರ ನಡುವೆ ನಿಂತರೆ ಬಲ. ಹಾಗೆ ಹರಡಿದ ಜೇಡಿ ಕರಗಿಹೋಗುವುದಿಲ್ಲ, ಜೇಡಿಯಾಗಿಯೇ ಇರುತ್ತದೆ ಎಂಬುದನ್ನೂ ಅವಳಿಗೆ ಹೇಳಿದೆವು.